ಗಾದಿ ಅಂಗಡಿಯ ಇಲಿಯವ್ವ

“ಏ ನೀಲಿ ಅಂಗಿ! ಆ ಫೋನ್ ಇಲ್ಲಿ ತಾ ಮೊದಲ!”

ದೇವರ ಹಿಪ್ಪರಗಿಯಿಂದ ಸಿಂದಗಿಗೆ ಹೊರಟಿದ್ದ ಸಂಜೆಯ ಬಸ್ಸು ಆ ಕೂಗಿಗೆ ಒಮ್ಮೆಲೇ ಗಪ್‌ಚುಪ್ ಆಯಿತು.

ತೊಗರಿ ಚೀಲವನ್ನು ಸೀಟಿನ ಮೇಲೆ ಕೂಡಿಸಿ, ಮುದುಕಿಯೊಬ್ಬಳನ್ನು ನಿಲ್ಲಿಸಿದ್ದ ಪುಣ್ಯಾತ್ಮನನ್ನು ಫಿರದೋಸ ಈಗಷ್ಟೇ ತರಾಟೆಗೆ ತೆಗೆದುಕೊಂಡಿದ್ದಳು. ಚೀಲ ಕೆಳಗಿಳಿದಿತ್ತು, ಮುದುಕಿ ಸೀಟು ಹಿಡಿದಿದ್ದಳು. ಗೆದ್ದ ಹುರುಪಿನಲ್ಲಿ ತಿರುಗಿ ನೋಡಿದರೆ... ಹಿಂದಿನ ಸೀಟಿನ ತರುಣನೊಬ್ಬ ತನ್ನ ಫೋನನ್ನು ಅವಳತ್ತ ಚಾಚಿ ಹಿಡಿದಿದ್ದ!

“ವಿಡಿಯೋ ಮಾಡಾಕತ್ತೀರೇನ್ರಿ? ನಾಚಿಕಿ ಬರೂದಿಲ್ಲೇನು?”

“ವಿಡಿಯೋ ಅಲ್ರಿ...” ಅವನ ಕಿವಿ ಕೆಂಪಾಯಿತು. “ಬರೇ ದನಿ ಅಷ್ಟರಿ.”

“ನನ್ನ ದನಿ ತಗೊಂಡು ಏನ್ ಮಾಡ್ತೀರಿ?”

“ಒಂದು ಇಲಿಗೆ ಬೇಕಾಗಿತ್ರಿ.”

ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆತ.

ಆ ತರುಣ ಅಲ್ಲಿಗಾದರೂ ಸುಮ್ಮನಾಗಬೇಕಿತ್ತೋ ಇಲ್ಲವೋ? ಬಾಯಿಗೆ ಬಂದ ನಿಜವನ್ನು ಹೇಳಿಯೇಬಿಡುವ ಕೆಲವರಿರುತ್ತಾರೆ. “ಮುದಿ ಇಲಿಗ್ರಿ,” ಎಂದು ಸೇರಿಸಿದ!

ಫಿರದೋಸ ಫೋನು ಕಸಿದು, ರೆಕಾರ್ಡನ್ನು ಅಳಿಸಿ, ಅವನ ತೊಡೆಯ ಮೇಲೆ ಎಸೆದಳು. ಸಿಂದಗಿ ಬರುವತನಕ ಕಿಟಕಿಯಿಂದಾಚೆ ನೋಡುತ್ತ ಕೂತಳು. ಕಣ್ಣು ಯಾಕೋ ತುಂಬಿಕೊಂಡವು.

ಯಾಕೆಂದು ನಮಗೆ ಗೊತ್ತು. ಹೋದ ವರ್ಷ ಮುದ್ದೇಬಿಹಾಳದಿಂದ ಅವಳನ್ನು ನೋಡಲು ಬಂದವರು ಚಹಾ ಕುಡಿದು, ಚೂಡಾ ತಿಂದು, ನಗುನಗುತ್ತ ಹೋಗಿ, ಆಮೇಲೆ ಹೇಳಿ ಕಳಿಸಿದ್ದರು. “ಹುಡುಗಿ ಚಲೋ ಅದಾಳ. ದನಿ ಅಷ್ಟ ಗಂಡಸರ ಹಂಗ ಗಡಸು.” ಅಂದಿನಿಂದ ಫಿರದೋಸ ಹೊಸಬರ ಮುಂದೆ ಅರ್ಧ ದನಿಯಲ್ಲಿ ಮಾತಾಡುತ್ತಿದ್ದಳು. ತಾನು ಕಲಿಸುವ ಶಾಲೆಯಲ್ಲಿ ಮಕ್ಕಳ ಮುಂದೆ, ಅನ್ಯಾಯ ಕಂಡಾಗ ಬಸ್ಸಿನಲ್ಲಿ... ಇಷ್ಟೇ ಕಡೆ ಅದು ತಾನಾಗಿ ಹೊರಬರುತ್ತಿತ್ತು.

‘ಈಗ ಇಲಿ... ಅದೂ ಮುದಿ ಇಲಿ! ಅಲ್ಲಾ, ನನ್ನ ದನಿಗೆ ಇಷ್ಟ ಏನು ಕಿಮ್ಮತ್ತು?’

ಮುಂದಿನ ರವಿವಾರ ಆ ನೀಲಿ ಅಂಗಿ, ಕಂಡಕ್ಟರನ ಹತ್ತಿರ ಗುರುತು ಕೇಳಿಕೊಂಡು, ಸಿಂದಗಿ ಬಜಾರಿನಲ್ಲಿದ್ದ ಅವಳ ತಂದೆ ದಾವಲಮಲಿಕನ ಗಾದಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿತ್ತು. ಒಂದು ಕೈಯಲ್ಲಿ ನಿಂಬೆಹಣ್ಣಿನ ಚೀಲ, ಇನ್ನೊಂದರಲ್ಲಿ ಹಳೆಯ ಪುಸ್ತಕ.

“ಚಾಚಾ, ನಾ ಇಂಡಿ ಊರಿನವ. ಅಫ್ತಾಬ ಅಂತ ಹೆಸರು. ನಿಮ್ಮ ಮಗಳ ದನಿ ಅವರನ್ನ ಕೇಳಲಾರದ ತಗೊಂಡಿದ್ದೆ. ತಪ್ಪಾತು. ಈಗ ಕೇಳಾಕ ಬಂದೇನಿ.”

ಒಳಗೆ ಗಾದಿ ಹೊಲಿಯುತ್ತಿದ್ದ ಫಿರದೋಸ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡಳು!

ದಾವಲಮಲಿಕ ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಅರಳೆ ಬಿಡಿಸುತ್ತಿದ್ದ ಅಜ್ಜಿ ಪೀರಬಿಯ ಕಣ್ಣು ಪುಸ್ತಕದ ಮೇಲಿನ ಇಲಿಯ ಚಿತ್ರಕ್ಕೆ ಬಿತ್ತು. “ಹಗೇವಿನ ಇಲಿಯವ್ವ ಅಲ್ಲೇನು ಅದು? ಇಲ್ಲಿ ತಾರೋ ಯಪ್ಪಾ!”

ಬಸವನ ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನಲ್ಲಿ ಗುರಪ್ಪ ಮಾಸ್ತರರು ಎಂಬವರು ಅರವತ್ತು ವರ್ಷದ ಹಿಂದೆ ತಮ್ಮ ಶಾಲೆಯ ಮಕ್ಕಳಿಗಾಗಿ ಬರೆದ ಪುಸ್ತಕವದು. ನೆಲದಡಿ ಜೋಳ ತುಂಬಿಡುವ ಹಗೇವಿನಲ್ಲಿ ಬಾಳುವ ಒಂದು ಮುದಿ ಇಲಿಯ ಕಥೆ. ಎಲ್ಲರನ್ನೂ ಬೈಯುತ್ತಾಳೆ, ಎಲ್ಲರನ್ನೂ ಸಾಕುತ್ತಾಳೆ. ಹಗೇವಿಗೆ ನೀರು ನುಗ್ಗಿದ ದಿನ ತನಗೆ ಆಗದ ಹಲ್ಲಿಯ ಮರಿಗಳನ್ನೂ ಬೈಯುತ್ತಲೇ ಹೊತ್ತು ತರುತ್ತಾಳೆ. ಓದು ಬಾರದ ಪೀರಬಿಗೆ ಅದನ್ನು ಓದಿ ಹೇಳಿದವಳು ಏಳು ವರ್ಷದ ಫಿರದೋಸ. ಒಂದಲ್ಲ, ನೂರು ಸಲ.

“ಇದನ್ನ ಕಾರ್ಟೂನ್ ಸಿನಿಮಾ ಮಾಡಾಕತ್ತೇವ್ರಿ. ವಿಜಯಪುರದಾಗ ನಾವು ಐದು ಮಂದಿ ಅದೇವಿ. ಚಿತ್ರ ಬರೆಯೋದು ನನ್ನ ಕೆಲಸ. ಇಲಿಯವ್ವ ನಮ್ಮ ಕಡೀ ಮಾತ ಆಡಬೇಕು. ಒಂದು ವರ್ಷ ಆತು ಆಕಿ ದನಿ ಹುಡುಕಾಕತ್ತು...” ಅಫ್ತಾಬ ಒಳಗಿನ ಕತ್ತಲೆಯತ್ತ ನೋಡಿ ಮೆಲ್ಲಗೆ ಹೇಳಿದ. “ಅವತ್ತು ಬಸ್ಸಿನ್ಯಾಗ ಸಿಕ್ತರಿ. ಬೈಯೂದರಾಗೂ ಮಾಯಾ, ಅಂತಃಕರಣ ಇತ್ತು ಆ ದನಿಯೊಳಗ.”

ಒಳಗೆ ಫಿರದೋಸ ಸೂಜಿ ಕೆಳಗಿಟ್ಟಳು. ‘ಮಾಯಾ ಅಂದನೇನು ಇಂವ?’

ಬೇಡವೆನ್ನಲು ಹೊರಬಂದವಳು ಯಾಕೋ, “ಎಲ್ಲಿ ರೆಕಾರ್ಡ್ ಮಾಡ್ತೀರಿ?” ಎಂದು ಕೇಳಿಬಿಟ್ಟಳು!

ಅಫ್ತಾಬ ಸೂರಿನವರೆಗೆ ಒಟ್ಟಿದ ಗಾದಿಗಳ ನಡುವೆ ಹೋಗಿ ಚಪ್ಪಾಳೆ ತಟ್ಟಿದ. ಸದ್ದು ಅಲ್ಲೇ ಅರಳೆಯಲ್ಲಿ ಹೂತುಹೋಯಿತು. ಇನ್ನೊಮ್ಮೆ ತಟ್ಟಿದ. ಅವನ ಮುಖ ಅರಳಿತು.

“ಇಲ್ಲೇ ಮಾಡೂಣ್ರಿ! ಇಂಥಾ ಸ್ಟುಡಿಯೋ ವಿಜಯಪುರದಾಗೂ ಇಲ್ಲ!”

ಹಾಗೆ ಶುರುವಾಯಿತು. ರವಿವಾರ ದಾವಲಮಲಿಕ ಅರಳೆ ಹಿಂಜುವ ಮಷೀನು ನಿಲ್ಲಿಸುತ್ತಿದ್ದ. ಫ್ಯಾನು ಸದ್ದು ಮಾಡುತ್ತದೆಂದು ಅದೂ ಬಂದ್. ನಾಲ್ಕೂ ಕಡೆ ಗಾದಿ ನಿಲ್ಲಿಸಿ ನಡುವೆ ಮೈಕು. ಒಳಗೆ ಬೆವರಿನಲ್ಲಿ ತೊಯ್ದು ಫಿರದೋಸ ಇಲಿಯವ್ವನಾಗಿ ಬೈಯುತ್ತಿದ್ದಳು. ಹೊರಗೆ ಹೆಡ್‌ಫೋನ್ ಹಾಕಿಕೊಂಡು ಅಫ್ತಾಬ ನಗು ತಡೆದುಕೊಳ್ಳುತ್ತಿದ್ದ. ಮುಗಿದ ಮೇಲೆ ಇಂಡಿಯ ನಿಂಬೆಹಣ್ಣಿನ ಶರಬತ್ತು.

“ಇನ್ನೂ ಜೋರ ಬೈರಿ,” ಎನ್ನುತ್ತಿದ್ದ ಅವನು.

ಅವಳಿಗೆ ಜೀವಮಾನದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಎಲ್ಲರೂ ‘ಸಾವಕಾಶ ಮಾತಾಡ’ ಎಂದವರೇ!

ಎಂಟು ರವಿವಾರಕ್ಕೆ ದನಿಯ ಕೆಲಸ ಮುಗಿಯಿತು. ಅಫ್ತಾಬ ಬರುವುದು ಮಾತ್ರ ಮುಗಿಯಲಿಲ್ಲ. ಒಂದು ವಾರ ಇಲಿಯವ್ವ ಸೀನುವುದು ಉಳಿದಿದೆ ಎಂದು ಬಂದ. ಮತ್ತೊಂದು ವಾರ ಕೆಮ್ಮು. ಆಮೇಲೆ ತಿಂಗಳುಗಟ್ಟಲೆ ನಿಟ್ಟುಸಿರು.

“ಎಷ್ಟು ಸಲ ಉಸಿರು ಬಿಡ್ತೈತಿ ನಿಮ್ಮ ಇಲಿ?” ಎಂದು ಫಿರದೋಸ ಹುಬ್ಬೇರಿಸಿದರೆ, “ಭಾಳ ಚಿಂತಿ ಐತ್ರಿ ಅದಕ್ಕ,” ಎನ್ನುತ್ತಿದ್ದ. ಪೀರಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಶನಿವಾರ ಸಂಜೆಯೇ ಫಿರದೋಸಳಿಗೆ ರವಿವಾರದ ಹಂಬಲ ಹತ್ತುತ್ತಿತ್ತು. ತಲೆಗೂದಲಿಗೆ ಅಂಟಿದ ಅರಳೆಯ ಎಳೆಯನ್ನು ಅವನು ತೋರಿಸಿ, ಮುಟ್ಟದೆ, ಕೈ ಹಿಂದೆಗೆದುಕೊಂಡ ಆ ಒಂದು ಗಳಿಗೆಯನ್ನು ಅವಳು ವಾರವಿಡೀ ನೆನೆದಿದ್ದಳು. ಪ್ರೀತಿ ಎಂದರೆ ಇದೇ ಏನೋ... ಅವಳಿಗೆ ಅನುಮಾನವಿತ್ತು. ನಮಗಿಲ್ಲ!

ಅಷ್ಟರಲ್ಲಿ ಒಂದು ಮಧ್ಯಾಹ್ನ ಜೊತೆಯ ಶಿಕ್ಷಕಿ ಶೈಲಶ್ರೀ ಫೋನು ಹಿಡಿದು ಓಡಿಬಂದಳು. “ಫಿರದೋಸಾ, ನಿಮ್ಮ ಇಲಿ ಪೋಸ್ಟರ್ ಬಂತು ನೋಡ! ಆದ್ರ... ಇಲ್ಲಿ ನಿನ್ನ ಹೆಸರ ಇಲ್ಲಲ್ಲ?”

ಇಲಿಯವ್ವನ ದೊಡ್ಡ ಚಿತ್ರ. ಕೆಳಗೆ, ‘ಇಲಿಯವ್ವನ ದನಿ’ ಎಂಬಲ್ಲಿ ಬೆಂಗಳೂರಿನ ಹೆಸರಾಂತ ನಟಿಯೊಬ್ಬಳ ಹೆಸರಿತ್ತು.

ರವಿವಾರ ಅಫ್ತಾಬ ಬಂದಾಗ ಶರಬತ್ತು ಸಿಗಲಿಲ್ಲ.

“ಇದು ಖರೇನ್ರಿ?” ಫಿರದೋಸ ಫೋನು ಮುಂದೆ ಹಿಡಿದಳು.

ಅವನ ಮುಖ ಬಾಡಿತು. “ಖರೇರಿ. ನಮ್ಮ ಕೆಲಸಾನ ಹಂಗ... ಮೊದಲ ಯಾರದಾರ ಕಚ್ಚಾ ದನಿ ತಗೊಂಡು, ಅದಕ್ಕ ತಕ್ಕಂಗ ಇಲಿ ಬಾಯಿ ಬರೀತೇವಿ. ಕಡೀಕ ದೊಡ್ಡ ಹೆಸರಿನವ್ರು ಬಂದು ಅದ ಬಾಯಿಗೆ ಮಾತಾಡ್ತಾರ. ಮಾಲಕರು ಮೊದಲ ಹಂಗ ಅಂದಿದ್ರು.”

“ನಿಮಗ ಮೊದಲಿಂದ ಗೊತ್ತಿತ್ತು.”

“...ಹೌದ್ರಿ.”

“ಒಂದ ಸಲ ಹೇಳಲಿಲ್ಲ.”



ಫಿರದೋಸ ಅರ್ಧ ಹೊಲಿದ ಗಾದಿಯನ್ನು ಎಳೆದು ತೋರಿಸಿದಳು. “ಇಲ್ನೋಡ್ರಿ. ಇದು ಕಚ್ಚಾ ಹೊಲಿಗಿ. ಪಕ್ಕಾ ಹೊಲಿಗಿ ಬಿದ್ದ ಮ್ಯಾಲ ಇದನ್ನ ಬಿಚ್ಚಿ ಒಗೀತೇವಿ. ನಾ ನಿಮಗ ಇಷ್ಟ ಆಗಿದ್ದೆ ಅಲ್ಲೇನ್ರಿ?”

“ಫಿರದೋಸ, ಹಂಗಲ್ಲ...”

“ಹೋಗ್ರಿ.”

ಅದನ್ನು ಅವಳು ಅರ್ಧ ದನಿಯಲ್ಲಿ ಹೇಳಿದಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆ ಸಣ್ಣ ದನಿ ಕೇಳಿ ಅವನು ಕುಸಿದೇ ಹೋದ.

ಮೂರು ವಾರ ಕಳೆದವು. ಅವನ ನಂಬರನ್ನು ಅವಳು ಬ್ಲಾಕ್ ಮಾಡಿದ್ದಳು. ಶಾಲೆಯಲ್ಲಿ ಮಕ್ಕಳು, “ಟೀಚರ್, ಇಲಿಯವ್ವನಂಗ ಮಾತಾಡ್ರಿ,” ಎಂದರೆ ಕರಿಹಲಗೆಯತ್ತ ತಿರುಗಿ ಪಾಠ ಬರೆಯತೊಡಗುತ್ತಿದ್ದಳು. ‘ಮುದ್ದೇಬಿಹಾಳದವರು ಚಹಾ ಕುಡಿದು ಬ್ಯಾಡಂದ್ರು... ಇಂವ ಶರಬತ್ತು ಕುಡಿದು!’ ಎಂದು ತನ್ನನ್ನು ತಾನೇ ಹಂಗಿಸಿಕೊಂಡಳು. ಕೋಪ ಮಾತ್ರ ಎಷ್ಟು ಕೂಡಿಸಿದರೂ ನಿಲ್ಲುತ್ತಿರಲಿಲ್ಲ. ಅದರ ಜಾಗದಲ್ಲಿ ಅವನ ನಗು ಬಂದು ಕೂಡುತ್ತಿತ್ತು.

ನಾಲ್ಕನೆಯ ರವಿವಾರ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ದಪ್ಪ ಮೀಸೆಯ, ಗಾಬರಿ ಮುಖದ ಒಬ್ಬರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಳಬಂದರು.

“ನಾ ಅನೀಲಕುಮಾರ. ಬಾಗೇವಾಡಿಯವ. ಈ ಸಿನಿಮಾದ ಮಾಲಕ,” ಎಂದವರೇ ಗಾದಿಯ ಮೇಲೆ ಕುಸಿದು ಕೂತರು. “ಟೀಚರ, ನಮ್ಮನ್ನ ಮುಳುಗಿಸ್ಯಾನ್ರಿ ಆ ಅಫ್ತಾಬ!”

ಫಿರದೋಸಳ ಕೈಯ ಸೂಜಿ ನಿಂತಿತು. “ಏನ್ ಮಾಡ್ಯಾರ?”

“ಕಚ್ಚಾ ದನಿಗೆ ಅಂದಾಜ ಬಾಯಿ ಬರೀಬೇಕರಿ. ಸುಮ್ಮ ತೆರೀತು, ಮುಚ್ಚಿತು, ಅಷ್ಟ. ಆಮ್ಯಾಲ ಯಾರ ದನಿ ಬೇಕಾದ್ರೂ ಕೂಡ್ತದ. ಇಂವ ನಿಮ್ಮ ಒಂದೊಂದು ಉಸಿರಿಗೂ ಪಕ್ಕಾ ಬಾಯಿ ಬರದ್ಬಿಟ್ಟಾನ! ಪಾಪ, ಆ ನಟಿ ಎರಡು ದಿನ ಒದ್ದಾಡಿದ್ರು. ಇಲಿ ಮಾತು ಮುಗಿಸಿ ಬಾಯಿ ಮುಚ್ಚತೈತಿ, ಅವರದಿನ್ನ ಅರ್ಧ ಮಾತು ಉಳದಿರ್ತದ! ಕಡೀಕ ಅವರ ಹೆಡ್‌ಫೋನ್ ತೆಗದಿಟ್ಟು, ‘ಈ ಇಲಿ ನನ್ನದಲ್ಲ. ಯಾರ ದನಿಯೋ ಅವರನ್ನೇ ಕರೆಸಿ’ ಅಂದು ನಕ್ಕೋತ ಹೋದ್ರು.”

ಅವರು ಲ್ಯಾಪ್‌ಟಾಪ್ ತೆರೆದರು. ಪೀರಬಿ, ದಾವಲಮಲಿಕ ಬಗ್ಗಿ ನೋಡಿದರು.

ಪರದೆಯ ಮೇಲೆ ಇಲಿಯವ್ವ ಓಡಿಬಂದಳು. ಬೈಯುವ ಮೊದಲು ಕೆಳತುಟಿಯನ್ನು ಎಡಕ್ಕೆ ಸೊಟ್ಟ ಮಾಡಿದಳು. ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಬೈದು ಮುಗಿದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಕಣ್ಣಲ್ಲೇ ಒಂಚೂರು ನಕ್ಕಳು.

“ಯವ್ವಾ!” ಪೀರಬಿ ಕೈ ತಟ್ಟಿದಳು. “ಇದು ನಮ್ಮ ಫಿರದೋಸ ಅಲ್ಲೇನು! ಬಾಲ ಒಂದು ಹೆಚ್ಚಿಗಿ ಐತಿ!”

ಫಿರದೋಸ ಕೆನ್ನೆಗೆ ಕೈಯಿಟ್ಟುಕೊಂಡು ಕೂತುಬಿಟ್ಟಳು. ತುಟಿ ಸೊಟ್ಟವಾಗುವುದು ಅವಳಿಗೇ ಗೊತ್ತಿರಲಿಲ್ಲ! ಗಾದಿಗಳ ಸಂದಿಯಿಂದ ಅವನು ಎಷ್ಟು ನೋಡಿರಬೇಕು... ಎಷ್ಟು ದಿನ, ಎಷ್ಟು ಸಾವಿರ ಚಿತ್ರಗಳಲ್ಲಿ ಅವಳ ಮುಖವನ್ನು ಬರೆದಿರಬೇಕು! ಒಗೆಯುವ ಹೊಲಿಗೆಯನ್ನು ಯಾರಾದರೂ ಇಷ್ಟು ಮುತುವರ್ಜಿಯಿಂದ ಹಾಕುತ್ತಾರೆಯೇ?

“ನಿಮ್ಮನ್ನ ಕೇಳ ಅಂದ್ರ ಆಂವ ಒಲ್ಲೆ ಅಂತಾನ,” ಅನೀಲಕುಮಾರ ಹೇಳಿದರು. “‘ಆಕೀ ಮುಂದ ಯಾವ ಬಾಯಿಲೆ ಹೋಗ್ಲಿ? ಆರು ತಿಂಗಳಾಗ್ಲಿ, ನಾನೊಬ್ಬನ ಮತ್ತ ಎಲ್ಲಾ ಬರೀತೇನಿ’ ಅಂತ ಹಟ ಹಿಡದಾನ. ದೀಪಾವಳಿಗೆ ಸಿನಿಮಾ ಬರಬೇಕು ಟೀಚರ! ಎಳಕೊಂಡು ಬಂದೇನಿ. ಕಾರಿನ್ಯಾಗ ಕುಂತಾನ, ಇಳಿಯವಲ್ಲ.”

ಫಿರದೋಸ ಎದ್ದಳು. “ದನಿ ಇಟಗೋರಿ. ಆದ್ರ ಪೋಸ್ಟರ್ ಮ್ಯಾಲ ನನ್ನ ಹೆಸರು ಬರಬೇಕು. ಪೂರ್ತಿ ಹೆಸರು. ಊರೂ ಬರಬೇಕು.”

“ದೊಡ್ಡದಾಗಿ ಹಾಕಸ್ತೇನಿ!”

ಅವಳು ಹೊರಗೆ ನಡೆದಳು. ದಾವಲಮಲಿಕ ತಡೆಯಲು ನೋಡಿದ. ಪೀರಬಿ ಮಗನ ಅಂಗಿ ಹಿಡಿದು ಕೂಡಿಸಿದಳು. “ಸುಮ್ಮ ಕುಂಡ್ರು. ಇದು ಆಕೀ ಕೆಲಸ.”

ಬಜಾರಿನ ಮಂದಿ ಸಂತೆಯ ಗಡಿಬಿಡಿಯಲ್ಲಿದ್ದರು. ಫಿರದೋಸ ಕಾರಿನ ಬಾಗಿಲು ತೆರೆದು ನಿಂತಳು.

“ಇಳೀರಿ ಕೆಳಗ!”

ಪೂರ್ತಿ ದನಿ! ಬಾಳೆಹಣ್ಣಿನ ಗಾಡಿಯವನು ತಿರುಗಿ ನೋಡಿದ. ಎದುರಿನ ಬಟ್ಟೆ ಅಂಗಡಿಯವರು ಬಾಗಿಲಿಗೆ ಬಂದರು. ನೋಡಲಿ! ಫಿರದೋಸಳಿಗೆ ಇಂದು ಯಾರ ಭಿಡೆಯೂ ಇರಲಿಲ್ಲ.

ಅಫ್ತಾಬ ಇಳಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು.

“ಯಾಕ ಹೇಳಲಿಲ್ಲ ನನಗ?”

“ಹೇಳಿದ್ರ ರವಿವಾರ ನಿಮ್ಮ ಅಂಗಡಿ ಬಾಗಲಾ ಮುಚ್ಚತೈತಿ ಅಂತ ಅಂಜಿದೆ,” ಎಂದ ಅವನು. “ಮೊದಲ ವಾರ ಅಂಜಿದೆ. ಎರಡನೇ ವಾರ ಇನ್ನೂ ಜಾಸ್ತಿ ಅಂಜಿದೆ. ಆಮ್ಯಾಲ... ನಿಮ್ಮನ್ನ ಬಿಟ್ಟು ಇರಾಕ ಆಗೂದಿಲ್ಲ ಅಂತ ಗೊತ್ತಾತು. ಆವಾಗ ಬಾಯಿನ ಬರಲಿಲ್ಲ. ತಪ್ಪು ನಂದ ಐತ್ರಿ.”

“ಮತ್ತ ಅಂದಾಜ ಬಾಯಿ ಬರಿಯೂದು ಬಿಟ್ಟು ಹಂಗ್ಯಾಕ ಬರದ್ರಿ?”

“ಬ್ಯಾರೆಯವರು ಬಂದ್ರ ಅವರ ಮಾತು ಕೂಡಲಾರದಂಗ ಆಗ್ಲಿ ಅಂತರಿ,” ಅವನು ಮೊದಲ ಸಲ ತಲೆಯೆತ್ತಿದ. “ಮಾಲಕರಿಗೆ ಹೇಳಬ್ಯಾಡ್ರಿ. ಗೊತ್ತಿದ್ದ ಮಾಡೇನಿ.”

ಫಿರದೋಸಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಎರಡನ್ನೂ ನುಂಗಿ ಹುಬ್ಬು ಗಂಟಿಕ್ಕಿದಳು.

“ಇದು ಇಲಿ ದನಿ ಅಲ್ರಿ, ನನ್ನ ದನಿ. ಮನ್ಯಾಗ ಹಿಂಗ ಇರ್ತೈತಿ. ಮುಂಜಾನಿ, ಸಂಜಿಕ, ಸಿಟ್ಟು ಬಂದಾಗ ಇನ್ನೂ ಜೋರ. ದಿನಾ ಕೇಳಾಕ ಆಗ್ತೈತೇನು?”

“ಆರು ತಿಂಗಳು ದಿನಾ ಅದನ್ನ ಕೇಳಿಕೋತ ಕೆಲಸಾ ಮಾಡೇನ್ರಿ. ಈ ಮೂರು ವಾರ ನೀವು ಸಿಟ್ಟಾದ ಮ್ಯಾಲ ಹಚ್ಚಾಕ ಧೈರ್ಯ ಆಗಲಿಲ್ಲ. ಒಂದು ಗೆರಿ ಸೈತ ಬರಿಯಾಕ ಆಗಿಲ್ಲ.” ಅವನು ಒಂದು ಹೆಜ್ಜೆ ಮುಂದೆ ಬಂದ. “ಜೀವನಪೂರ್ತಿ ಕೇಳಬೇಕಂತ ಆಸೆ ಐತಿ. ನಾಳಿನ ನಮ್ಮವ್ವನ್ನ ಕರಕೊಂಡು ಬರ್ಲೇನು?”

ಬಾಳೆಹಣ್ಣಿನವನು ಗಿರಾಕಿಗೆ ತೂಗುವುದನ್ನು ನಿಲ್ಲಿಸಿ ಕಾಯುತ್ತಿದ್ದ. ಅಂಗಡಿಯೊಳಗೆ ಪೀರಬಿ ಬಾಗಿಲಿಗೆ ಕಿವಿಗೊಟ್ಟಿದ್ದಳು.

“ನಾಳಿ ಸಾಲಿ ಐತಿ ನನಗ,” ಎಂದಳು ಫಿರದೋಸ, ಇಡೀ ಬಜಾರಿಗೆ ಕೇಳುವ ಹಾಗೆ. “ಐದು ಗಂಟೆ ಮ್ಯಾಲ ಕರಕೊಂಡು ಬರ್ರಿ!”

ಅಫ್ತಾಬನ ಕಣ್ಣಿಂದ ಹನಿ ಉದುರಿತು. ಅವನು ಒರೆಸಿಕೊಳ್ಳಲೂ ಇಲ್ಲ, ಸುಮ್ಮನೆ ನಗುತ್ತ ನಿಂತ.

“ಇನ್ನೂ ಸಿಟ್ಟು ಐತೇನ್ರಿ?”

“ಐತಿ.”

“ಹಂಗಾರ ಬೈರಿ.”

ಫಿರದೋಸ ಬಾಯಿ ತೆರೆದಳು. ಕೆಳತುಟಿ ಸೊಟ್ಟವಾಯಿತು. ಮೂರು ವಾರದಿಂದ ಕೂಡಿಸಿಟ್ಟ ಬೈಗುಳಗಳನ್ನು ಹುಡುಕಿದಳು... ಒಂದೂ ಸಿಗಲಿಲ್ಲ. ಅವನ ಸೊರಗಿದ ಮುಖವಷ್ಟೇ ಕಂಡಿತು.

“ಮುಂಜಾನಿಂದ ಏನಾರ ಉಂಡೀರೇನು?” ಎಂದು ಕೇಳಿದಳು ಮೆಲ್ಲಗೆ.

“ಇಲ್ರಿ.”

“ಬರ್ರಿ ಒಳಗ. ರೊಟ್ಟಿ ಬಿಸಿ ಅದಾವ.”