ಒಳಕ್ಕೆ ಮಡಿಸಿದ ಬಿರಡೆ

"ನನ್ನ ಮಗ ಬಂದಿದ್ದ, ಸಾಹೇಬ್ರೆ! ಎಲ್ಲಿ ಅಡಗಿದಾನೋ ಹುಡುಕಿಕೊಡಿ."

ಬಾಗಿಲು ತಟ್ಟದೆ ನುಗ್ಗಿದ ಮುದುಕಿ ಜೆಲಿಂದಾಳ ಮಾತು ಕೇಳಿ ಓರೆಸ್ತೆಯವರ ಕೆನ್ನೆಯ ಮೇಲೆ ತುಲ್ಲಿಯೊನ ಕತ್ತಿ ನಿಂತುಬಿಟ್ಟಿತು. ತುಲ್ಲಿಯೊ ಊರಿನ ಕ್ಷೌರಿಕ. ನಿವೃತ್ತ ಪೊಲೀಸ್ ಅಧಿಕಾರಿ ಓರೆಸ್ತೆಯವರ ಗಡ್ಡ ಹೆರೆಯುವುದು, ಅವರ ಹಿಂದೆ ಪತ್ತೇದಾರಿಕೆಗೆ ಅಲೆಯುವುದು, ಎರಡೂ ಅವನಿಗೆ ಒಂದೇ ಕಸುಬು.

ಜೆಲಿಂದಾಳ ಮಗ ಫೋಸ್ಕೊ ರಷ್ಯಾದ ಯುದ್ಧಕ್ಕೆ ಹೋಗಿ ಹನ್ನೆರಡು ವರ್ಷವಾಗಿತ್ತು. ಸತ್ತ ಸುದ್ದಿ ಇಲ್ಲ, ಬದುಕಿದ ಸುದ್ದಿಯೂ ಇಲ್ಲ. ಅವನ ಹೆಂಡತಿ ನೋರ್ಮಾ ಈ ಹಬ್ಬ ಕಳೆದ ಮೇಲೆ ತುಲ್ಲಿಯೊನನ್ನು ಮದುವೆಯಾಗಲು ಒಪ್ಪಿದ್ದಳು. ಹೂಂ ಅಂದಿದ್ದ ಅತ್ತೆ ಅಂದಿನಿಂದ ಊಟ ಬಿಟ್ಟು ಹಾಸಿಗೆ ಹಿಡಿದಿದ್ದಳು; ಹಬ್ಬದ ತಿಂಡಿ ಮಾಡುವುದಕ್ಕೂ ಪ್ರಾರ್ಥನೆಗೂ ಮಾತ್ರ ಏಳುತ್ತಿದ್ದಳು. ಇವತ್ತು ನೋಡಿದರೆ ಅವಳ ಮುಖದಲ್ಲಿ ಕಳೆ ಉಕ್ಕುತ್ತಿತ್ತು. ಹಿಂದೆ ನಿಂತಿದ್ದ ನೋರ್ಮಾ ತುಲ್ಲಿಯೊನ ಕಡೆ ಕಣ್ಣೆತ್ತಲಿಲ್ಲ.

"ಗಂಡ ಬದುಕಿದಾನೆ. ಇನ್ನು ಮದುವೆ ಮಾತು ಎತ್ತಬೇಡ," ಎಂದಳು.

ಜೆಲಿಂದಾಳ ಮನೆಗೆ ಹೋದಾಗ ಮಲಗುವ ಕೋಣೆಯ ಬೀರುವಿನ ಮೇಲೆ ಹಬ್ಬಕ್ಕೆಂದು ಬೇಯಿಸಿದ ದುಂಡನೆಯ ಸಿಹಿತಿಂಡಿ, ತೋರ್ತಾ, ಇತ್ತು. ಕಪ್ಪಗೆ ಹೊಳೆಯುವ ಚಾಕೊಲೇಟ್ ಮತ್ತು ಅನ್ನದ ಹೂರಣ, ಸುತ್ತ ಅಂಚಿನಲ್ಲಿ ತಂತಿವಾದ್ಯದ ಬಿರಡೆಗಳಂತೆ ಹೊರಕ್ಕೆ ತಿರುವಿದ ಹಿಟ್ಟು; ಅದರ ಹೆಸರೂ ಬಿರಡೆಯೇ. ಹಬ್ಬಕ್ಕೆ ಮೊದಲು ಅದನ್ನು ಯಾರೂ ಮುಟ್ಟುವುದಿಲ್ಲ. ಆದರೆ ಊರೆಲ್ಲ ಸಂಜೆಯ ಪ್ರಾರ್ಥನೆಗೆ ಹೋಗಿದ್ದಾಗ ಯಾರೋ ಒಂದು ತುಂಡು ಕೊಯ್ದು ತಿಂದಿದ್ದರು. ಆ ತುಂಡಿನ ಬಿರಡೆಗಳು ಮಾತ್ರ ತಟ್ಟೆಯಲ್ಲಿ ಉಳಿದಿದ್ದವು. ಅವುಗಳಲ್ಲಿ ಒಂದು ಒಳಕ್ಕೆ ಮಡಿಸಿದ್ದು.

"ಅದೇ ಗುರುತು! ಫೋಸ್ಕೊಗೆ ಸಕ್ಕರೆ ಹಾಕಿದ ಹಣ್ಣಿನ ಚೂರು ಕಂಡ್ರೆ ಆಗಲ್ಲ. ಈಗಲೂ ಪ್ರತಿ ವರ್ಷ ಅವನ ತುಂಡಿಗೆ ಅದನ್ನ ಹಾಕಲ್ಲ, ಗುರುತಿಗೆ ಅಲ್ಲಿ ಬಿರಡೆ ಒಳಕ್ಕೆ ಮಡಿಸ್ತೀನಿ. ಇದು ನನ್ಗೂ ಅವನ್ಗೂ ಬಿಟ್ರೆ ಈ ಸೊಸೆಗೂ ಗೊತ್ತಿಲ್ಲ."

"ನಾನು ಅತ್ತೆ ಕೈ ನಡುಗಿ ಹಾಗಾಗುತ್ತೆ ಅಂದ್ಕೊಂಡಿದ್ದೆ," ಎಂದಳು ನೋರ್ಮಾ.

"ಬಿರಡೆ ಯಾಕೆ ಬಿಟ್ಟ?" ಓರೆಸ್ತೆ ಕೇಳಿದರು.

"ಚಿಕ್ಕವನಿದ್ದಾಗ ಮೊದಲು ಅದನ್ನೇ ಕಟಕಟ ಅಂತ ಕಡೀತಿದ್ದ. ಈಗ ಹಲ್ಲು ಉದುರಿರಬೇಕು, ಪಾಪ."

"ಹಿಂದೆಲ್ಲ ತೋರ್ತಾ ಎಲ್ಲಿಡ್ತಿದ್ರಿ?"

"ಅಡುಗೆಮನೆಯ ಹಿಟ್ಟಿನ ಪೆಟ್ಟಿಗೇಲಿ. ಯುದ್ಧದಲ್ಲಿ ಮನೆ ಬಿತ್ತಲ್ಲ, ಪೆಟ್ಟಿಗೆ ಒಂದೇ ಉಳೀತು. ಈ ಹೊಸ ಮನೇಲಿ ಇಲಿ ಕಾಟ, ಅದಕ್ಕೇ ಇಲ್ಲಿಡೋದು."

ಓರೆಸ್ತೆ ಅಡುಗೆಮನೆಗೆ ಹೋದರು. ಪೆಟ್ಟಿಗೆಯ ಮುಚ್ಚಳದ ಮೇಲೆ ಇಸ್ತ್ರಿ ಮಾಡಿದ ಮೇಜುವಸ್ತ್ರಗಳ ಗುಪ್ಪೆ ಮಡಿಕೆ ಕೆಡದೆ ಕುಳಿತಿತ್ತು. "ಇದನ್ನು ಯಾವಾಗ ಇಟ್ಟಿದ್ದು?" ಎಂದರು. ಪ್ರಾರ್ಥನೆಗೆ ಹೊರಡುವ ಮೊದಲು, ಆಮೇಲೆ ಮುಟ್ಟಿಲ್ಲ ಎಂದಳು ನೋರ್ಮಾ.

ಅಂಗಳದಲ್ಲಿ ಪಕ್ಕದ ಮನೆಯ ಎಲಿಯೊ ಎಂದಿನಂತೆ ಇವರ ಸೌದೆ ಒಟ್ಟುತ್ತಿದ್ದ. ಈ ಊರಿನಿಂದ ರಷ್ಯಾಕ್ಕೆ ಹೋದವರಲ್ಲಿ ತಿರುಗಿ ಬಂದವನು ಅವನೊಬ್ಬನೇ. ಕಾಲಿನ ಬೆರಳು, ಬಾಯಿಯ ಹಲ್ಲು ಎಲ್ಲ ಅಲ್ಲೇ ಬಿಟ್ಟು ಬಂದಿದ್ದ. ಗುಳಿಬಿದ್ದ ಅವನ ಕೆನ್ನೆ ಹೆರೆಯಲು ತುಲ್ಲಿಯೊ ಪ್ರತಿ ಸಲ ಹೆಣಗಾಡುತ್ತಿದ್ದ.

"ಎಲಿಯೊ, ಒಳಗೆ ಬಾ. ಎಲ್ಲರೂ ಕೂತ್ಕೊಳ್ಳಿ," ಎಂದರು ಓರೆಸ್ತೆ. ಅವರ ದನಿಯಲ್ಲಿ ಎಂದಿನ ಗೆಲುವಿರಲಿಲ್ಲ.

"ಜೆಲಿಂದಮ್ಮ, ಫೋಸ್ಕೊ ಬಂದಿದ್ರೆ ಮೊದಲು ಪೆಟ್ಟಿಗೆ ತೆಗೀತಿದ್ದ. ಅವನು ಈ ಮನೆ ನೋಡೇ ಇಲ್ಲ. ಬಂದವನು ಮೇಜುವಸ್ತ್ರ ಮುಟ್ಟಲಿಲ್ಲ, ಏನೂ ತಡಕಾಡಲಿಲ್ಲ, ನೆಟ್ಟಗೆ ಬೀರುವಿಗೇ ಹೋದ. ಅಂದ್ರೆ ಈ ಮನೇಲಿ ಓಡಾಡೋನು. ಬಿರಡೆ ಗುಟ್ಟು ಯುದ್ಧಕ್ಕೆ ಹೋದವನ ಹತ್ರ ಇತ್ತು. ತೋರ್ತಾ ಇಡೋ ಜಾಗ ಇಲ್ಲಿ ಇರೋರಿಗೆ ಗೊತ್ತಿತ್ತು. ಎರಡೂ ಗೊತ್ತಿರಬೇಕಾದ್ರೆ ಫೋಸ್ಕೊ ಜೊತೆ ಹೋಗಿ ವಾಪಸ್ ಬಂದಿರಬೇಕು. ಗಟ್ಟಿ ಬಿರಡೆ ಕಡಿಯೋಕೆ ಹಲ್ಲಿರಬಾರದು."

ಎಲಿಯೊ ತಲೆ ತಗ್ಗಿಸಿದ. "ನೀವು ಊಟ ಬಿಟ್ರಲ್ಲ, ಅಮ್ಮ. ಸಾಯ್ತೀರಿ ಅಂತ ಭಯ ಆಯ್ತು. ಅವನು ಬಂದಿದ್ದ ಅಂತ ಗೊತ್ತಾದ್ರೆ ತಿಂತೀರಿ ಅಂದ್ಕೊಂಡೆ."

"ಹಿಮದಲ್ಲಿ ದಾರಿ ತಪ್ಪಿ ದೂರಾದ ಅಂದಿದ್ಯಲ್ಲೋ?" ಎಂದಳು ಜೆಲಿಂದಾ.

"ನಾನು ಊರಿಗೆ ಬಂದ ದಿನ ಓಡಿ ಬಂದು, 'ಫೋಸ್ಕೊ ಹಿಂದೆ ಬರ್ತಿದಾನಾ?' ಅಂದ್ರಿ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನನ್ನ ತೋಳಲ್ಲೇ ಹೋದ, ಅಮ್ಮ. ಕಣ್ಣು ಮುಚ್ಚೋವರೆಗೂ ಈ ತೋರ್ತಾದ್ದೇ ಮಾತು. ಬಿರಡೆ ಗುರುತು ಹೇಳಿ, 'ನನ್ನ ತುಂಡು ನೀನು ತಿನ್ನು' ಅಂದ."

ತುಲ್ಲಿಯೊ ಬೇಡಿಕೊಂಡಿದ್ದ ಉತ್ತರ ಇದೇ. ಈಗ ಅದನ್ನು ಕೇಳಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನೋರ್ಮಾಳ ಭುಜ ಮುಟ್ಟಲು ಹೋದರೆ ಅವಳು ಮೆಲ್ಲನೆ ಸರಿದಳು.

"ಹನ್ನೆರಡು ವರ್ಷ ಹೆಂಡತಿಯಾಗಿದ್ದೆ, ತುಲ್ಲಿಯೊ. ವಿಧವೆಯಾಗಿದ್ದು ಈಗ. ನನ್ನನ್ನ ಕಾಯಬೇಡ."

ಜೆಲಿಂದಾ ಅಳಲಿಲ್ಲ. ತಟ್ಟೆಯಲ್ಲಿದ್ದ ಒಳಮಡಿಕೆಯ ಬಿರಡೆಯನ್ನು ಅಂಗೈಯಲ್ಲಿಟ್ಟುಕೊಂಡು ಎಲಿಯೊನನ್ನು ಕೇಳಿದಳು: "ಕೊನೇಲಿ ಅವನಿಗೆ ತಿನ್ನೋಕೆ ಏನಾದ್ರೂ ಸಿಕ್ಕಿತ್ತೇನಪ್ಪಾ?"

ಎಲಿಯೊ ಇಲ್ಲವೆಂದು ತಲೆಯಾಡಿಸಿದ.

"ಹಸ್ಕೊಂಡೇ ಹೋದ," ಎಂದು ಜೆಲಿಂದಾ ತೋರ್ತಾದ ಮೇಲೆ ಬಟ್ಟೆ ಮುಚ್ಚಿದಳು. ಆ ವರ್ಷದ ಹಬ್ಬದಲ್ಲಿ ಆ ಮನೆಯಲ್ಲಿ ಅದನ್ನು ಯಾರೂ ಕೊಯ್ಯಲಿಲ್ಲ.