ಎಂಬತ್ತಮೂರು ಎಲೆಗಳ ಪುಸ್ತಕ

"ಈ ಪುಸ್ತಕನ ಈ ಕೋಣೆ ಹೊಸ್ತಿಲು ದಾಟಕ್ಕೆ ಬುಡಲ್ಲ, ಅಪ್ಪ."

ಹನ್ನೆರಡು ವರ್ಷದ ಚೈತ್ರ ಕೊಟ್ಟ ಮಾತು ಅದು. ಅವಳ ಅಪ್ಪ ಚಿಕ್ಕಬಸಪ್ಪ ಮೇಷ್ಟ್ರು ಅವತ್ತು ರಾವಂದೂರಿನ ವಾಚನಾಲಯದ ಗೋಡೆಗೆ ಒರಗಿ ಕೂತಿದ್ದರು. ಇಪ್ಪತ್ತು ವರ್ಷ ಊರೂರು ಸುತ್ತಿ ಅವರು ಎರಡು ಪುಸ್ತಕ ಮಾಡಿದ್ದರು. ಪುಟಕ್ಕೊಂದು ಒಣಗಿದ ಎಲೆ, ಪಕ್ಕದಲ್ಲಿ ಆ ಮರದ ಹೆಸರು, ಅದು ಹೂ ಬಿಡುವ ಕಾಲ, ಮಕ್ಕಳಿಗೆ ತಿಳಿಯುವಂಥ ನಾಲ್ಕು ಸಾಲು. ಮೊದಲ ಪುಸ್ತಕವನ್ನು ನೋಡಿ ಕೊಡುತ್ತೇನೆಂದು ಒಯ್ದ ದೊಡ್ಡ ಮನುಷ್ಯರೊಬ್ಬರು ವಾಪಸ್ ಕೊಡಲೇ ಇಲ್ಲ. ಉಳಿದದ್ದು ಇದೊಂದು. ಎಂಬತ್ತಮೂರು ಎಲೆ.

ಮಾತು ಕೊಟ್ಟ ಮೂರನೇ ತಿಂಗಳಿಗೆ ಮೇಷ್ಟ್ರು ತೀರಿಕೊಂಡರು.

ಹದಿಮೂರು ವರ್ಷ ಕಳೆಯಿತು. ಈಗ ಅದೇ ವಾಚನಾಲಯದ ಬೀಗದ ಕೈ ಚೈತ್ರಳ ಸೊಂಟದಲ್ಲಿತ್ತು. ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಮುಗಿದ ವಾರ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಒಂದು ಡಬ್ಬ ಅಪ್ಪಿಕೊಂಡು ಒಬ್ಬ ಬಾಗಿಲಲ್ಲಿ ನಿಂತ.

"ಚಪ್ಪಲಿ ಆಚೆ ಬುಡಿ," ಎಂದಳು ಅವಳು, ರಿಜಿಸ್ಟರಿನಿಂದ ತಲೆ ಎತ್ತದೆ.

ಅವನು ಕಾಲಿಂದಲೇ ಚಪ್ಪಲಿ ಕಳಚಲು ಹೋಗಿ ವಾಲಿದ. ಡಬ್ಬ ಬೀಳುವುದರಲ್ಲಿತ್ತು. ಚೈತ್ರ ಎದ್ದು ಓಡಿ ಹಿಡಿದಳು. ಡಬ್ಬದ ಕೆಳಗೆ ಅವನ ಬೆರಳು, ಅವನ ಬೆರಳಿನ ಮೇಲೆ ಇವಳದು... ಇಬ್ಬರಿಗೂ ತೆಗೆಯುವುದು ಹೇಗೆಂದು ಒಂದು ಕ್ಷಣ ತಿಳಿಯಲಿಲ್ಲ.

ಹೆಸರು ನಂಜುಂಡೇಶ್, ಹುಣಸೂರಿನ ಬಳಿಯ ಕಟ್ಟೆಮಳಲವಾಡಿಯವನು. ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕುವ ಮೈಸೂರಿನ ಕಚೇರಿಯೊಂದರಲ್ಲಿ ಕೆಲಸ. ಮೇಷ್ಟ್ರ ಎಲೆ ಪುಸ್ತಕದ ವಿಷಯ ಕೇಳಿ ಬಂದಿದ್ದ.

"ಪುಸ್ತಕ ಕೊಡಲ್ಲ," ಎಂದಳು.

"ನಾನು ಪುಸ್ತಕ ಕೇಳ್ಲಿಲ್ಲ ಕಣ್ರೀ. ಒಂದು ಮೇಜು, ಒಂದು ಪ್ಲಗ್ ಪಾಯಿಂಟು ಕೊಡಿ ಸಾಕು."

ಡಬ್ಬದಲ್ಲಿದ್ದದ್ದು ಸ್ಕ್ಯಾನರ್, ಬೆನ್ನ ಚೀಲದಲ್ಲಿ ಕಚೇರಿಯ ಲ್ಯಾಪ್‌ಟಾಪ್. ಪುಸ್ತಕ ಬರದಿದ್ದರೆ ಯಂತ್ರವೇ ಬರಲಿ ಎಂದು ಹೊತ್ತು ತಂದಿದ್ದ! ಕೋಟೆ ತಾಲ್ಲೂಕಿನ ಎಷ್ಟೋ ಶಾಲೆಗಳಿಗೆ ಕಂಪ್ಯೂಟರ್ ಬಂದಿವೆ, ಒಳಗೆ ಓದಲು ಏನೂ ಇಲ್ಲದೆ ಬಟ್ಟೆ ಹೊದ್ದು ಕೂತಿವೆ ಎಂದ. ಎಲೆಗಳ ಚಿತ್ರವನ್ನು ಸಿ.ಡಿ.ಗೆ ಹಾಕಿದರೆ ಪುಸ್ತಕ ಇಲ್ಲೇ ಇದ್ದುಕೊಂಡು ಅಲ್ಲಿನ ಮಕ್ಕಳಿಗೂ ಸಿಗುತ್ತದೆ, ಮುಂದೊಂದು ದಿನ ಸಿ.ಡಿ.ಯೂ ಬೇಕಾಗದೆ ಫೋನ್ ತಂತಿಯಲ್ಲೇ ಲೈಬ್ರರಿಗೆ ಲೈಬ್ರರಿಯೇ ಊರೂರಿಗೆ ಹೋಗುತ್ತದೆ ಎಂದ.

"ಆಮೇಲೆ ಮಕ್ಕಳು ಪುಸ್ತಕ ಮುಟ್ಟೋದೇ ಬುಟ್ಟುಬುಟ್ರೆ?"

ಅವನು ಕಪಾಟಿನ ಕಡೆ ನೋಡಿದ.

"ಮುಟ್ಟಕ್ಕೆ ಪುಸ್ತಕ ಇರೋ ಊರಲ್ಲಿ ನೀವು ಹುಟ್ಟಿದ್ರಿ. ನಾನು ಇಲ್ದೇ ಇರೋ ಊರಿನ ಮಾತಾಡ್ತಿದ್ದೀನಿ."

ಚೈತ್ರ ಮೇಜಿನ ಮೇಲಿದ್ದ ಪೇಪರುಗಳನ್ನು ಸರಿಸಿ ಜಾಗ ಮಾಡಿದಳು.

ಕರೆಂಟು ಇರುತ್ತಿದ್ದದ್ದು ಬೆಳಿಗ್ಗೆ ಎರಡೇ ಗಂಟೆ ಹೊತ್ತು. ದಿನಕ್ಕೆ ನಾಲ್ಕು ಎಲೆ. ಪುಟ ತಿರುಗಿಸುವುದು ಅವಳು, ಮುಚ್ಚಳ ಇಳಿಸುವುದು ಅವನು. ಕರೆಂಟು ಹೋದ ಮೇಲೂ ಅವನು ಬೇಗ ಏಳುತ್ತಿರಲಿಲ್ಲ. ತಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ಸುಗ್ಗಿ ಬಂದರೆ ಶಾಲೆ ಬಿಟ್ಟು, ಸೊಪ್ಪು ಬೇಯಿಸುವ ಬ್ಯಾರನ್ ಮನೆಗೆಂದು ಕಡ್ಡಿಗೆ ಎಲೆ ಕಟ್ಟಲು ಕೂರುತ್ತಿದ್ದೆ, ಹಾಗಾಗಿ ಏಳನೇ ಕ್ಲಾಸನ್ನು ಎರಡು ಸಲ ಓದಿದೆ ಎಂದು ನಗುತ್ತಾ ಹೇಳಿದ. ಅವಳು ಅಪ್ಪನಿಗೆ ಕೊಟ್ಟ ಮಾತಿನ ವಿಷಯ ಹೇಳಿದಳು. ಯಾರಿಗೂ ಹೇಳದ್ದನ್ನು ಇವನಿಗೇಕೆ ಹೇಳಿದೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು.

ಇಪ್ಪತ್ತೇಳನೇ ಎಲೆ ಅಂಗೈಗಿಂತ ಅಗಲವಿತ್ತು. ಹೆಸರು ಬರೆಯುವ ಜಾಗ ಖಾಲಿ.

"ಬೇಗೂರಿನ ಕಾಡಂಚಲ್ಲಿ ಸಿಕ್ಕಿದ್ದಂತೆ. ಎಸ್ರು ಗೊತ್ತಾಗ್ನಿಲ್ಲ ಅಂತ ಕೊನೇವರ್ಗೂ ಕೊರಗ್ತಿದ್ರು ಅಪ್ಪ."

ನಂಜುಂಡೇಶ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ.

ಹತ್ತು ದಿನವಾಗುವಷ್ಟರಲ್ಲಿ ಅವಳೇ ಬೀಗದ ಕೈಯನ್ನು ಅವನಿಗೆ ಕೊಟ್ಟಳು. ಹುಣಸೂರಿನಿಂದ ಮೊದಲ ಬಸ್ಸಿಗೆ ಬರುವವನು ಚಳಿಯಲ್ಲಿ ಹೊರಗೆ ನಿಲ್ಲುವುದು ಬೇಡವೆಂದು. ಅಷ್ಟೇ ಕಾರಣ, ಎಂದುಕೊಂಡಳು.

ಐವತ್ತೊಂದನೇ ಎಲೆಯ ದಿನ ಮುಚ್ಚಳ ಇಳಿಯುತ್ತಿದ್ದಂತೆ ಚರ್ ಎಂದಿತು. ಮತ್ತಿ ಎಲೆಯ ತುದಿ ಪುಡಿಯಾಗಿತ್ತು. ಚಿತ್ರವೇನೋ ಬಂದಿತ್ತು. ಚೈತ್ರ ಆ ಪುಡಿಯನ್ನು ಒಂದು ಕಾಗದದಲ್ಲಿ ಮಡಚಿಟ್ಟಳು. ಅವನ ಮುಖ ಸಣ್ಣದಾಯಿತು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಬಾಗಿಲು ತೆರೆದಿತ್ತು. ಕಪಾಟಿನಲ್ಲಿ ಅಪ್ಪನ ಪುಸ್ತಕವಿಲ್ಲ.

ಹಿತ್ತಲ ಬಾಗಿಲೂ ತೆರೆದಿತ್ತು. ಹಿತ್ತಲಿಗೆ ಓಡಿದಳು. ಕಂಬಳಿಯಂತೆ ಕವಿದಿದ್ದ ಇಬ್ಬನಿಯಲ್ಲಿ, ಹುಲ್ಲಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಅಪ್ಪನ ಪುಸ್ತಕ ಬಿಚ್ಚಿಟ್ಟಿತ್ತು. ಪಕ್ಕದಲ್ಲಿ ನಂಜುಂಡೇಶ ಕುಕ್ಕರಗಾಲಲ್ಲಿ ಕೂತಿದ್ದ.

"ಯಾರನ್ನ ಕೇಳಿ ಈಚೆಗೆ ತಂದ್ರಿ?"

"ನೀವು ಬರೋಷ್ಟೊತ್ಗೆ ಒಳಗಿಡ್ತಿದ್ದೆ. ಹದಕ್ಕೆ..."

"ನಾನು ಬರೋಷ್ಟೊತ್ಗೆ. ಅಂದ್ರೆ ನನಗೆ ಗೊತ್ತಾಗ್ದಂಗೆ."

ಅವನು ತಲೆ ತಗ್ಗಿಸಿದ.

"ಕೀ ಕೊಡಿ."

ಕೊಟ್ಟ. ಏನೋ ಹೇಳಲು ಬಾಯಿ ತೆರೆದ.

"ಜೀವಮಾನದಲ್ಲಿ ನಾನು ಕೊಟ್ಟಿದ್ದು ಒಂದೇ ಮಾತು ಕಣ್ರೀ. ಅದನ್ನ ನಿಮಗೆ ಹೇಳಿದ್ದೆ."

ಅವನು ಡಬ್ಬ ಅಪ್ಪಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಚೈತ್ರ ತಿರುಗಿ ನೋಡಲಿಲ್ಲ. ಪುಸ್ತಕವನ್ನು ಒಳಗೆ ತಂದು, ಅದರ ಮೇಲೆ ಕೈಯಿಟ್ಟು ಕೂತಳು.

ಸ್ವಲ್ಪ ಹೊತ್ತಿಗೆ ಅವ್ವ ಪುಟ್ಟಮಾದಮ್ಮ ರೊಟ್ಟಿ ಬುತ್ತಿ ಹಿಡಿದು ಬಂದಳು. ಇಬ್ಬರಿಗೆ ಆಗುವಷ್ಟಿತ್ತು. ಮಗಳು ಹೇಳಿದ್ದನ್ನೆಲ್ಲ ಕೇಳಿ, ಪುಸ್ತಕ ಬಿಚ್ಚಿ, ಒಂದು ಎಲೆಯ ಅಂಚನ್ನು ಬೆರಳಿಂದ ಎತ್ತಿದಳು. ಎಲೆ ಬಟ್ಟೆಯ ಹಾಗೆ ಬಾಗಿತು. ಮುರಿಯಲಿಲ್ಲ.

"ಇಬ್ನಿ ಕುಡಿಸವ್ನೆ ಕಣವ್ವ," ಎಂದಳು ಪುಟ್ಟಮಾದಮ್ಮ. "ಬ್ಯಾರನ್‌ನಲ್ಲಿ ಬೆಂದಿರೋ ಹೊಗೆಸೊಪ್ಪನ್ನ ಅಂಗೇ ಮುಟ್ಟುದ್ರೆ ಪುಡಿ ಆಯ್ತದೆ ಅಂತ ಬಾಗ್ಲು ತಗ್ದು ತಂಪು ಗಾಳೀಲಿ ಹದಕ್ಕೆ ಬುಡಾಕಿಲ್ವಾ, ಅಂಗೆ."

"ನನ್ನ ಕೇಳ್ಬೋದಿತ್ತಲ್ಲ."

"ಕೇಳಿದ್ರೆ ಬುಡ್ತಿದ್ದಾ ನೀನು?"

ಚೈತ್ರ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿಮ್ಮಪ್ಪ ಹೊಸ್ತಿಲು ಅಂದಿದ್ದು ಪುಸ್ತಕ ಕಳ್ದೋಗ್ಬಾರ್ದು ಅಂತ. ಒಳಗಿದ್ದು ಪುಡಿ ಆದ್ರೂ ಕಳ್ದೋದಂಗೇ ಅಲ್ವಾ?"

ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ಮೊದಲ ಬಸ್ಸಿನ ಹಾರನ್ ಕೇಳಿದೊಡನೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. 'ಕೀ ವಾಪಸ್ ಕೇಳಿದವಳು ನಾನೇ ಅಲ್ಲವೇ...'

ಹದಿನಾರನೇ ದಿನ ಒಂದು ಕಾರ್ಡು ಬಂತು.

'ಐವತ್ತೊಂದು ಎಲೆಗಳನ್ನು ಎನ್. ಬೇಗೂರಿನ ಶಾಲೆಯ ಕಂಪ್ಯೂಟರಿಗೆ ಹಾಕಿದ್ದೇನೆ. ಮೇಷ್ಟ್ರ ಇಪ್ಪತ್ತೇಳನೇ ಎಲೆಗೆ ಹೆಸರು ಸಿಕ್ಕಿತು. ಅದನ್ನು ನಾನು ಇಲ್ಲಿ ಬರೆಯುವುದು ಸರಿಯಲ್ಲ. ಬುಧವಾರ ಶಾಲೆಯಲ್ಲಿರುತ್ತೇನೆ. ನೀವೇ ಬಂದು ಕೇಳಿ. ಅವತ್ತು ಕೇಳದೆ ಹೊರಗೆ ತಂದದ್ದು ನನ್ನ ತಪ್ಪು.'

ಬುಧವಾರ ಚೈತ್ರ ಹೆಗಲಿಗೊಂದು ಬಟ್ಟೆ ಚೀಲ ಹಾಕಿಕೊಂಡು ಹೊರಟಳು. ಮೂರು ಬಸ್ಸು ಬದಲಿಸಿ ಬೇಗೂರು ತಲುಪಿದಾಗ ಮಧ್ಯಾಹ್ನವಾಗಿತ್ತು. ಶಾಲೆಯ ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳು ಒಂದೇ ಪರದೆಗೆ ಮುತ್ತಿಕೊಂಡಿದ್ದರು. ಪರದೆಯ ಮೇಲೆ ಅಪ್ಪನ ಕೈಬರಹ. ಹೊನ್ನೆ ಎಲೆಯನ್ನು ಕಂಡ ಹುಡುಗಿಯೊಬ್ಬಳು ಎದ್ದು ಹೊರಗೋಡಿ, ಅದೇ ಎಲೆ ಕಿತ್ತು ತಂದು ಪರದೆಯ ಪಕ್ಕಕ್ಕೆ ಹಿಡಿದಳು.

ಪುಸ್ತಕ ಮುಟ್ಟುವುದನ್ನು ಬಿಡುತ್ತಾರೆ ಎಂದು ಹೆದರಿದ್ದೆನಲ್ಲ... ಇವರು ಮರವನ್ನೇ ಮುಟ್ಟಿ ಬರುತ್ತಿದ್ದಾರೆ.

ನಂಜುಂಡೇಶ ಅವಳನ್ನು ನೋಡಿದ. ಅಡುಗೆಮನೆಗೆ ಸೌದೆ ಹಾಕಿ ಹೊರಡುತ್ತಿದ್ದ ಮುದುಕ ಮಂಚಯ್ಯನನ್ನು ಕರೆದು ಇಪ್ಪತ್ತೇಳನೇ ಎಲೆ ತೋರಿಸಿದ. ಮಂಚಯ್ಯನಿಗೆ ಓದು ಬರುತ್ತಿರಲಿಲ್ಲ.

"ಕವಲು ಮರ ಕಣ್ರವ್ವ," ಎಂದ ಅವನು. "ಇದ್ರು ತೊಗಟೆ ನಾರಲ್ಲಿ ಅಗ್ಗ ಒಸೀತೀವಿ. ಇಷ್ಟು ಬರ್ದವ್ರೆ, ಇದ್ಯಾಕೆ ಬುಟ್ರು ಮೇಷ್ಟ್ರು?"

"ನಿಮ್ಮನ್ನ ಕೇಳಕ್ಕೆ ಬರೋಷ್ಟ್ರಲ್ಲಿ ಓಗ್ಬುಟ್ರು," ಎಂದಳು ಚೈತ್ರ.

ಮಕ್ಕಳು ಊಟಕ್ಕೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

"ಇನ್ನೂ ಮೂವತ್ತೆರಡು ಎಲೆ ಐತೆ," ಎಂದ ಅವನು. "ನೀವು ಒಪ್ಪುದ್ರೆ ಬತ್ತೀನಿ. ಒಪ್ದಿದ್ರೂ... ಎಲೆಗೋಸ್ಕರ ಅಲ್ದೆ, ಸುಮ್ನೆ ಬರ್ಬೋದಾ?"

ಚೈತ್ರ ಚೀಲವನ್ನು ಮೇಜಿನ ಮೇಲಿಟ್ಟಳು. ಒಳಗಿಂದ ಅವ್ವನ ಹಳೆಯ ಸೀರೆಯ ಗಂಟು ತೆಗೆದು ಬಿಚ್ಚಿದಳು. ಅಪ್ಪನ ಪುಸ್ತಕ!

ಅವನು ಒಂದು ಹೆಜ್ಜೆ ಹಿಂದೆ ಸರಿದ. "ನೀವೇ ತಂದ್ರಾ?"

"ಬೆಳಿಗ್ಗೆ ಇಬ್ನಿಲಿ ಇಟ್ಟು, ಹದ ಮಾಡಿ ತಂದೆ."

ಅವಳು ಪೆನ್ನು ತೆಗೆದು ಇಪ್ಪತ್ತೇಳನೇ ಪುಟದ ಖಾಲಿ ಜಾಗದಲ್ಲಿ 'ಕವಲು' ಎಂದು ಬರೆದಳು. ಕೆಳಗೆ ಸಣ್ಣದಾಗಿ, 'ಹೇಳಿದವರು: ಮಂಚಯ್ಯ, ಬೇಗೂರು.' ಮಸಿ ಆರುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

"ವಾಪಸ್ ಒಯ್ಯುವಾಗ ಜೊತೆಗೆ ಬನ್ನಿ," ಎಂದಳು.

"ಎಲ್ಲೀಗಂಟ?"

"ಹೊಸ್ತಿಲು ದಾಟಿ ಒಳೀಕೆ. ಅವ್ವ ಇವತ್ತೂ ಇಬ್ಬರಿಗೇ ಬುತ್ತಿ ಕಟ್ಟವ್ಳೆ."

ಅವನು ಎರಡೂ ಕೈಯಲ್ಲಿ ಪುಸ್ತಕವನ್ನು ಎತ್ತಿಕೊಂಡ. ಅವಳು ಆ ಕೈಗಳ ಮೇಲೆ ತನ್ನ ಕೈಯಿಟ್ಟಳು. ಈ ಸಲ ತೆಗೆಯಲಿಲ್ಲ.

ಅಪ್ಪನಿಗೆ ಕೊಟ್ಟಿದ್ದ ಮಾತನ್ನು ಚೈತ್ರ ಅವತ್ತು ಮುರಿದಳು.