ಹತ್ತಿ ಹೊಲದ ಖಾಲಿ ಗಿಲಾಸು

“ಸೊನ್ನಿ!” ಎಂದು ಸಿದ್ದೇಶ್ವರಿ ಕೂಗಿದ್ದಕ್ಕೆ ಬದುವಿನಲ್ಲಿ ಮೇಯುತ್ತಿದ್ದ ಎಮ್ಮೆಯೂ ತಲೆಯೆತ್ತಿ ನೋಡಿತು.

“ಮತ್ತ ಸೊನ್ನಿ?” ಅಮೋಲ್ ಹತ್ತಿ ಗಿಡಗಳ ನಡುವೆ ಹುಗಿದಿದ್ದ ಪ್ಲಾಸ್ಟಿಕ್ ಗಿಲಾಸಿನೊಳಗೆ ಮೂಗು ತೂರಿಸಿದ. ನಿಜಕ್ಕೂ ಸೊನ್ನೆ, ಒಂದು ಇರುವೆಯೂ ಇರಲಿಲ್ಲ. “ದಿನಾ ಖಾಲಿ ಅಂದ್ರ ಹ್ಯಾಂಗ? ನೀನೇ ಚೆಲ್ಲಿರಬೇಕು.”

“ನಾ ಯಾಕ ಚೆಲ್ಲಲಿ? ಇದು ಬಿಟಿ ಹತ್ತಿ. ನೆಲದಾಗಿನ ಹುಳಾನೂ ಸಾಯಸ್ತದ. ಮೊದಲೇ ಹೇಳಿದ್ದಿಲ್ಲೇನು?”

“ಬಿಟಿ ಕಾಯಿ ಕೊರೆಯೋ ಹುಳಾ ಅಷ್ಟೇ ಸಾಯಸ್ತದ. ನಮ್ಮ ಪಪ್ಪಾಗ ಕೇಳು.”

ಅಮೋಲ್‌ನ ಪಪ್ಪನಿಗೆ ಔರಾದಿನಲ್ಲಿ ಬೀಜದ ಅಂಗಡಿ. ಬಿಟಿ ಹತ್ತಿಯನ್ನು ಯಾರಾದರೂ ಬೈದರೆ ಅಮೋಲ್‌ಗೆ ಸ್ವಂತ ತಮ್ಮನನ್ನು ಬೈದಷ್ಟು ಸಿಟ್ಟು ಬರುತ್ತಿತ್ತು. ತಮ್ಮನನ್ನು ಬೈದರೆ ಮಾತ್ರ ಅಷ್ಟು ಬರುತ್ತಿರಲಿಲ್ಲ.

ಕಾಯಿ ಕೊರೆಯುವ ಹುಳು ತಿಂದರೆ ಸಾಯುವಂತೆ ವಿಜ್ಞಾನಿಗಳು ಗಿಡದ ಗುಣವನ್ನೇ ಬದಲಿಸಿದ ಹತ್ತಿ ಅದು. ಹಾಗಾದರೆ ಅದರ ಬುಡದ ಮಣ್ಣಿನಲ್ಲಿ ಓಡಾಡುವ ಬಡಪಾಯಿಗಳ ಗತಿ? ಚಿಂತಾಕಿ ಶಾಲೆಯ ಈ ಇಬ್ಬರ ಸೈನ್ಸ್ ಪ್ರಾಜೆಕ್ಟು ಇದೇ. ಹತ್ತಿ ಹೊಲದಲ್ಲೊಂದು ಗಿಲಾಸು, ಹಳ್ಳದಾಚೆಯ ತೊಗರಿ ಹೊಲದಲ್ಲೊಂದು ಗಿಲಾಸು. ಎರಡರ ಬಾಯಿಯೂ ನೆಲಕ್ಕೆ ಸಮ. ರಾತ್ರಿ ಓಡಾಡುವ ಹುಳುಗಳು ಒಳಗೆ ಬೀಳಬೇಕು, ಬೆಳಿಗ್ಗೆ ಇವರು ಎಣಿಸಬೇಕು. ತೊಗರಿ ಹೊಲದ ಗಿಲಾಸು ದಿನವೂ ಸಂತೆ ದಿನದ ಬಸ್ಸಿನಂತೆ ತುಂಬಿರುತ್ತಿತ್ತು.

ಸುಮನ ಟೀಚರ್‌ಗೆ ಖುಷಿಯೋ ಖುಷಿ. “ಇಷ್ಟು ಸಾಫ್ ರಿಸಲ್ಟ್ ನಾ ನೋಡೇ ಇಲ್ಲ. ಮೊದಲೇ ಸರಿಯಾಗಿ ಹೇಳಿದಾಕಿ ಸಿದ್ದೇಶ್ವರಿ. ಬೀದರದ ಎಕ್ಸಿಬಿಷನ್‌ನಾಗ ಮೈಕ್ ಆಕೀಗೇ.”

ಅಂದಿನಿಂದ ಸಿದ್ದೇಶ್ವರಿ ಮನೆಯಲ್ಲಿ ಲಟ್ಟಣಿಗೆ ಹಿಡಿದು ಭಾಷಣ ಮಾಡುತ್ತಿದ್ದಳು. ಚಾರ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕುಂಬಳಕಾಯಿಯಷ್ಟು ದೊಡ್ಡ ಸೊನ್ನೆ ಬರೆದೂ ಆಗಿತ್ತು.

“ನಾಳೆ ನಸುಕಿನ್ಯಾಗ ಕಾಯೋಣು,” ಅಂದ ಅಮೋಲ್. “ಕಳ್ಳ ಯಾರಂತ ತಿಳೀತದ.”

“ಕಾಯಿ. ನಾನೂ ಬರ್ತೇನಿ.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹತ್ತಿ ಗಿಡಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಳೆಯ ಸದ್ದಾಯಿತು. ಬಂದವಳು ಸಿದ್ದೇಶ್ವರಿಯ ಆಯಿ, ಅಂದರೆ ಅಪ್ಪನ ತಾಯಿ ಅಂಜನಾಬಾಯಿ. ಕೈಯಲ್ಲಿ ಹಿಟ್ಟು ಸಕ್ಕರೆಯ ಪೊಟ್ಟಣ. ದಿನಾ ಹೊಲದ ಇರುವೆ ಗೂಡುಗಳಿಗೆ ಅದನ್ನು ಹಾಕದೆ ಆಯಿ ಚಹಾ ಮುಟ್ಟುತ್ತಿರಲಿಲ್ಲ.

ಆಯಿ ಗಿಲಾಸಿನ ಮುಂದೆ ಕೂತು ಅದನ್ನು ಕಿತ್ತಳು.

“ಶಿವ ಶಿವ! ಇವತ್ತೂ ಬಿದ್ದೀರೇನ್ರೆಪಾ? ಹೋಗ್ರಿ, ನಿಮ್ಮ ನಿಮ್ಮ ಮನಿಗಿ ಹೋಗ್ರಿ. ಯಾ ಪುಣ್ಯಾತ್ಮ ಈ ಕುಣಿ ತೋಡ್ಯಾನೋ!”

ಬೋರಲು ಹಾಕಿದಳು, ತಳಕ್ಕೆ ತಟ್ಟಿದಳು, ಒಳಗೆ ಉಫ್ ಎಂದು ಊದಿದಳು. ಆಮೇಲೆ ಗಿಲಾಸನ್ನು ಮೊದಲಿದ್ದಂತೆಯೇ ಒಪ್ಪವಾಗಿ ಹುಗಿದಳು. ಇನ್ನೊಬ್ಬರ ಸಾಮಾನು ಕೆಡಿಸುವ ಹೆಂಗಸಲ್ಲ ಆಕೆ.

ಅಮೋಲ್ ಬಾಯಿಗೆ ಅಂಗಿ ತುರುಕಿಕೊಂಡು ನಕ್ಕ. “ಬಿಟಿ ಅಲ್ಲ, ನಿಮ್ಮ ಆಯಿ!”

ಸಿದ್ದೇಶ್ವರಿ ಗಿಡ ಸರಿಸಿ ಓಡಿದಳು. “ಆಯಿ! ಅದು ನಮ್ಮ ಪ್ರಾಜೆಕ್ಟ್!”

“ಜೀವ ಕೊಲ್ಲೋ ಪ್ರಾಜೆಕ್ಟ್ ಯಾ ಸಾಲ್ಯಾಗ ಕಲಿಸ್ತಾರವಾ?”

“ಕೊಲ್ಲಲ್ಲ, ಎಣಸ್ತೇವ. ಎಣಸಿ ಬಿಡ್ತೇವ.”

“ಮತ್ತ ತೊಗರಿ ಹೊಲದ್ದು ಯಾಕ ಖಾಲಿ ಮಾಡಿಲ್ರಿ ಆಯಿ?” ಅಮೋಲ್ ಕೇಳಿದ.

“ಅಲ್ಲೂ ಒಂದು ಹುಗಿದೀರೇನು?” ಆಯಿ ಹಳ್ಳದ ಕಡೆ ನೋಡಿ ಮೊಣಕಾಲು ಒತ್ತಿಕೊಂಡಳು. “ಈ ಕಾಲು ಹಳ್ಳ ದಾಟಂಗಿಲ್ಲಪ್ಪಾ. ಪಾಪ, ಅವು ಏನು ಮಾಡ್ಯಾವೋ!”

ಅಲ್ಲೇ ಒಪ್ಪಂದವಾಯಿತು. ನಾಳೆ ಎಣಿಸಿದ ಮೇಲೆ ಹುಳುಗಳನ್ನು ಬಿಡುವುದು ಆಯಿಯ ಕೆಲಸ.

“ನಾ ಬರೋತನಕ ಯಾರೂ ಮುಟ್ಟಂಗಿಲ್ಲ,” ಅಂದ ಅಮೋಲ್. “ನಾಳೆನೂ ಸೊನ್ನಿ ಬಂದ್ರ ನಾ ಸುಮ್ನಾಗ್ತೇನಿ. ಬರಲಿಲ್ಲಂದ್ರ ಟೀಚರ್‌ಗ ಹೇಳಬೇಕು.”

ಮರುದಿನ ಸಿದ್ದೇಶ್ವರಿ ಓಡಿ ಬಂದಾಗ ಆಯಿ ಆಗಲೇ ಗಿಲಾಸಿನ ಪಕ್ಕ ಕಾವಲು ಕೂತಿದ್ದಳು.

ಗಿಲಾಸು ತುಂಬಿತ್ತು. ಇರುವೆಗಳು, ಕಾಲು ಮುದುರಿಕೊಂಡ ಜೇಡ, ಒಂದು ಚಿಮ್ಮಂಡೆ. ಅವೆಲ್ಲದರ ಮೇಲೆ ಕಾಲಿಟ್ಟು ಹತ್ತಲು ನೋಡುತ್ತಿದ್ದ ಕರಿ ಜೀರುಂಡೆ. ಎಲ್ಲವೂ ಗಟ್ಟಿಮುಟ್ಟಾಗಿಯೇ ಇದ್ದವು.

ಸಿದ್ದೇಶ್ವರಿಗೆ ಚಾರ್ಟಿನ ಮೇಲಿನ ಕೆಂಪು ಸೊನ್ನೆ ನೆನಪಾಯಿತು. ಚಾರ್ಟು ಇವತ್ತೇ ಬೀದರಿಗೆ ಹೊರಡಬೇಕು.

“ನೋಡಿದಿಲ್ಲ?” ಆಯಿ ಗಿಲಾಸಿಗೆ ಕೈ ಹಾಕಿದಳು. “ಬಿಡಲೇನವಾ?”

ದೂರದ ಬದುವಿನ ಮೇಲೆ ಅಮೋಲ್‌ನ ಟೋಪಿ ಮಾತ್ರ ಕಾಣುತ್ತಿತ್ತು. ಅವನು ಬರುವಷ್ಟರಲ್ಲಿ ಗಿಲಾಸು ಖಾಲಿಯಾಗಿರುತ್ತದೆ. ಸಿದ್ದೇಶ್ವರಿ ಸುಳ್ಳು ಹೇಳುವುದೂ ಬೇಡ, ಸುಮ್ಮನೆ ಹೂಂ ಅಂದರೆ ಸಾಕು. ಅವಳ ತಲೆ ತಾನಾಗಿಯೇ ಅಲ್ಲಾಡಲು ಹೊರಟಿತ್ತು.

ಜೀರುಂಡೆ ಅಂಚಿನ ತನಕ ಹತ್ತಿ, ಜಾರಿ, ಬೆನ್ನು ಅಡಿಯಾಗಿ ಬಿತ್ತು. ಕಾಲು ಬಡಿದು ಮಗ್ಗುಲಾಗಿ ಮತ್ತೆ ಹತ್ತತೊಡಗಿತು.

“ತಡಿ ಆಯಿ,” ಅಂದಳು ಸಿದ್ದೇಶ್ವರಿ. ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. ಎದ್ದು ನಿಂತು ಕೂಗಿದಳು. “ಅಮೋಲ್! ಲಗೂ ಬಾ! ಇಲ್ಲೂ ತುಂಬ್ಯಾದ!”

ಟೋಪಿ ಓಡತೊಡಗಿತು.

ಸಿದ್ದೇಶ್ವರಿ ಹೊಟ್ಟೆ ಅಡಿಯಾಗಿ ಮಣ್ಣಿನಲ್ಲಿ ಮಲಗಿ ಎಣಿಸಲು ಶುರು ಮಾಡಿದಳು. ಇರುವೆಗಳು ಒಂದು ಕಡೆ ನಿಲ್ಲಲೊಲ್ಲವು. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಹಿಡಿದಳು.